ವಿಸಿ ಕೂಲರ್ ಓಡುತ್ತಲೇ ಇದೆ, ಬಾಟಲಿ ಮಾತ್ರ ತಣ್ಣಗಿಲ್ಲ: ದೋಷ ಹುಡುಕುವ ಕ್ರಮ

ಕಿರಾಣಿ ಅಂಗಡಿ, ಬೇಕರಿ, ಜ್ಯೂಸ್ ಸೆಂಟರ್, ಬಾರ್ ಎಲ್ಲೇ ಇರಲಿ, ಗಾಜಿನ ಬಾಗಿಲಿನ ಕೂಲರ್ (ಇದನ್ನೇ ವಿಸಿ ಕೂಲರ್ ಅನ್ನುವುದು) ಕೈಕೊಟ್ಟಿತು ಅಂದರೆ ಮೊದಲು ಹೊರಬೀಳುವ ಮಾತು "ಗ್ಯಾಸ್ ಹೋಗಿದೆ, ಹಾಕಿಸಿ" ಅನ್ನುವುದೇ. ಆ ಮಾತನ್ನು ಕೊನೆಗೆ ಇಟ್ಟುಕೊಳ್ಳಿ. ಕೂಲರಿನ ಗ್ಯಾಸ್ ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಿರುತ್ತದೆ. ಸ್ಕೂಟರಿನ ಪೆಟ್ರೋಲಿನ ಹಾಗೆ ಖರ್ಚಾಗಿ ಮುಗಿಯುವುದಿಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕದೆ ಹಾಕಿಸಿದ ಗ್ಯಾಸ್ ಮತ್ತೆ ಹೋಗುತ್ತದೆ, ದುಡ್ಡೂ ಹೋಗುತ್ತದೆ. ಧೂಳು, ವೋಲ್ಟೇಜು, ಬಾಗಿಲ ರಬ್ಬರು, ಕೂಲರ್ ಇಟ್ಟ ಜಾಗ, ತುಂಬಿದ ರೀತಿ: ಇವನ್ನು ಸ್ಕ್ರೂಡ್ರೈವರ್, ಬ್ರಷ್, ಥರ್ಮಾಮೀಟರ್ ಇಟ್ಟುಕೊಂಡೇ ನೋಡಬಹುದು. ಹೊರಗಿನಿಂದ ಶುರು ಮಾಡಿ ಒಳಕ್ಕೆ ಹೋಗಿ, ಗ್ಯಾಸಿನ ಲೈನಿಗೆ ಕೈ ಹಾಕುವುದು ಕಟ್ಟಕಡೆಗೆ. ಕೆಳಗಿರುವುದು ಆ ಕ್ರಮ.

ಒಂದು ಎಚ್ಚರಿಕೆ ಮೊದಲೇ. ತಂಪುಪಾನೀಯ ಕಂಪನಿಯವರು ಡೆಪಾಸಿಟ್ ಮೇಲೆ ಇಟ್ಟುಹೋದ ಕೂಲರ್ ಆಗಿದ್ದರೆ ಅದು ನಿಮ್ಮ ಸ್ವತ್ತಲ್ಲ. ಮೇಲೆ ಅಂಟಿಸಿರುವ ಅಸೆಟ್ ನಂಬರ್ ಹೇಳಿ ಅವರ ಸರ್ವೀಸಿಗೇ ದೂರು ಕೊಡಿ. ಧೂಳು ಒರೆಸುವುದು, ಬಾಗಿಲು, ಪ್ಲಗ್ ನೋಡುವುದು ಇಷ್ಟಕ್ಕೇ ನಿಲ್ಲಿಸಿ. ಹೊರಗಿನ ಮೆಕ್ಯಾನಿಕ್ ಬಿಚ್ಚಿದ ಮೇಲೆ ಅವರು ಹೊಣೆ ಹೊರುವುದಿಲ್ಲ.

ಮೊದಲು ಅಳತೆ

ಡಿಸ್‌ಪ್ಲೇಯಲ್ಲಿ ಕಾಣುವ ಅಂಕಿ ಒಳಗಿನ ಗಾಳಿಯದ್ದು, ಅದೂ ಸೆನ್ಸರ್ ಕೂತಿರುವ ಒಂದು ಜಾಗದ್ದು. ಗಿರಾಕಿ ಕುಡಿಯುವುದು ಬಾಟಲಿಯೊಳಗಿನದ್ದು. ಅರ್ಧ ಲೀಟರ್ ನೀರಿನ ಬಾಟಲಿ ಒಂದನ್ನು ನಡು ಶೆಲ್ಫಿನ ನಡುವೆ ರಾತ್ರಿಯಿಡೀ ಇಡಿ. ಬೆಳಿಗ್ಗೆ, ಬಾಗಿಲು ತೆರೆಯುವ ಗಿರಾಕಿ ಬರುವ ಮೊದಲು, ಮುಚ್ಚಳ ತೆಗೆದು ಪ್ರೋಬ್ ಇರುವ ಡಿಜಿಟಲ್ ಥರ್ಮಾಮೀಟರ್ ಇಳಿಸಿ ಎರಡು ನಿಮಿಷ ಬಿಟ್ಟು ಓದಿ. 3ರಿಂದ 7 ಡಿಗ್ರಿ ಬಂದರೆ ಯಂತ್ರ ಸರಿಯಿದೆ, ತೊಂದರೆ ಬಳಕೆಯಲ್ಲಿದೆ. 8ರಿಂದ 12 ಬಂದರೆ ಯಂತ್ರ ಕೆಲಸ ಮಾಡುತ್ತಿದೆ, ಆದರೆ ಏದುಸಿರು ಬಿಡುತ್ತಿದೆ. ಧೂಳು, ರಬ್ಬರು, ಜಾಗ ನೋಡಿ. 15 ದಾಟಿದರೆ ತಂಪು ಮಾಡುವ ವ್ಯವಸ್ಥೆಯಲ್ಲೇ ಏನೋ ನಿಂತಿದೆ.

ಮೇಲಿನ ಶೆಲ್ಫಿಗೂ ಕೆಳಗಿನದಕ್ಕೂ ಎರಡು ಮೂರು ಡಿಗ್ರಿ ವ್ಯತ್ಯಾಸ ಸಹಜ. ಆರೇಳು ಡಿಗ್ರಿ ವ್ಯತ್ಯಾಸ ಬಂದರೆ ಒಳಗೆ ಗಾಳಿ ಸುತ್ತುತ್ತಿಲ್ಲ. ತಂತಿ ಶೆಲ್ಫಿನ ಮೇಲೆ ರಟ್ಟು, ಪೇಪರ್, ಹಳೆ ಫ್ಲೆಕ್ಸ್ ತುಂಡು ಹಾಸಿದ್ದೀರಾ ನೋಡಿ. ಶೆಲ್ಫು ಜಾಲರಿಯಂತಿರುವುದೇ ಗಾಳಿ ಇಳಿಯಲಿ ಅಂತ. ಹಿಂಗೋಡೆಯಿಂದ ನಾಲ್ಕೈದು ಸೆಂಟಿಮೀಟರ್ ಬಿಟ್ಟು ಬಾಟಲಿ ಜೋಡಿಸಿ.

ಇದು ದೋಷವೋ, ಅತಿ ನಿರೀಕ್ಷೆಯೋ

"ಮಧ್ಯಾಹ್ನ ತುಂಬಿದ್ದು ಸಂಜೆಗೂ ತಣ್ಣಗಾಗಿಲ್ಲ" ಅನ್ನುವ ದೂರು ಬಂದರೆ ಪಾನಾ ಹಿಡಿಯುವ ಮೊದಲು ಪೆನ್ನು ಹಿಡಿಯಿರಿ. 500 ಮಿಲಿಯ 100 ಬಾಟಲಿ ಅಂದರೆ 50 ಲೀಟರ್. ಅದನ್ನು 31 ಡಿಗ್ರಿಯಿಂದ 6ಕ್ಕೆ ಇಳಿಸಲು ಹೊರಹಾಕಬೇಕಾದ ಶಾಖ: 50 × 4.2 × 25 (4.2 ಅಂದರೆ ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಇಳಿಸಲು ತೆಗೆಯಬೇಕಾದ ಕಿಲೋಜೌಲ್), ಅಂದರೆ 5,250 ಕಿಲೋಜೌಲ್, ಹತ್ತಿರ ಹತ್ತಿರ ಒಂದೂವರೆ ಯೂನಿಟ್‌ನಷ್ಟು. ಗೋಡೆ, ಗಾಜು, ಬಾಗಿಲಿನಿಂದ ನುಗ್ಗುವ ಬಿಸಿಯನ್ನು ಹೊರಹಾಕಿದ ಮೇಲೆ ಬಾಟಲಿಗಾಗಿ 250 ವ್ಯಾಟ್ ಉಳಿಯಿತು ಅಂದುಕೊಂಡರೂ ಆರು ಗಂಟೆ ಬೇಕು. ನಡುವೆ ಬಾಗಿಲು ತೆಗೆಯುತ್ತಲೇ ಇದ್ದರೆ ಎಂಟೂ ಆಗಬಹುದು.

ಬಾರಿನ ಲೆಕ್ಕ ಇನ್ನೂ ಭಾರ. 650 ಮಿಲಿಯ ಬಿಯರ್ 12 ಬಾಟಲಿಗೆ ಒಂದು ಕೇಸು. 10 ಕೇಸಿಗೆ 78 ಲೀಟರ್. ಜೊತೆಗೆ ಬಾಟಲಿ ಒಂದಕ್ಕೆ ಅರ್ಧ ಕಿಲೋ ಹತ್ತಿರದ ಗಾಜನ್ನೂ ತಣ್ಣಗೆ ಮಾಡಬೇಕು. ಎಲ್ಲ ಸೇರಿ ಎರಡೂವರೆ ಯೂನಿಟ್‌ಗೂ ಮೇಲೆ. ದೊಡ್ಡ ಕೂಲರ್ ಆಗಿ 350 ವ್ಯಾಟ್ ಸಿಕ್ಕಿದರೂ ಏಳು ಗಂಟೆಗೂ ಮೇಲೆ. ಸಂಜೆ ಆರಕ್ಕೆ ಜನ ಬರುವ ಬಾರಿನಲ್ಲಿ ಮಧ್ಯಾಹ್ನ ಎರಡಕ್ಕೆ ಸ್ಟಾಕ್ ಇಳಿಸಿ ಕೂಲರನ್ನು ಬೈದರೆ ಅದೇನು ಮಾಡೀತು? ರಾತ್ರಿ ಮುಚ್ಚುವಾಗ ತುಂಬಬೇಕು. ಹೊಸದು ಹಿಂದೆ, ತಣ್ಣಗಾದದ್ದು ಮುಂದೆ. ಶನಿವಾರ, ಹಬ್ಬ, ಕ್ರಿಕೆಟ್ ಮ್ಯಾಚಿನ ದಿನ ಹೆಚ್ಚುವರಿ ಬೇಕಾದರೆ ಟಬ್ಬಿನಲ್ಲಿ ಐಸ್ ಮತ್ತು ನೀರು ಬೆರೆಸಿ ಬಾಟಲಿ ಮುಳುಗಿಸಿಡಿ. ಬರೀ ಐಸ್ ಬೇಡ, ನೀರು ಬೆರೆತಿರಬೇಕು. ಆಗಲೇ ಬಾಟಲಿಯ ಸುತ್ತ ತಣ್ಣನೆಯದು ಪೂರ್ತಿ ತಾಗುವುದು. ಯಾವ ಕೂಲರಿಗಿಂತಲೂ ಬೇಗ ಆಗುತ್ತದೆ.

ಈ ಲೆಕ್ಕಕ್ಕೆ ಹೊಂದದಷ್ಟು ನಿಧಾನವಾಗಿದ್ದರೆ ಮಾತ್ರ ಮುಂದೆ ಓದಿ.

ಕಿವಿ ಕೊಡಿ

ಕೂಲರಿನ ಕೆಳಭಾಗಕ್ಕೆ ಕಿವಿಗೊಟ್ಟು ಹತ್ತು ನಿಮಿಷ ಕೂತರೆ ಅರ್ಧ ದೋಷ ಗೊತ್ತಾಗುತ್ತದೆ.

ಏನೂ ಸದ್ದಿಲ್ಲ, ಲೈಟೂ ಇಲ್ಲ: ಪ್ಲಗ್, ಸಾಕೆಟ್, ಎಂಸಿಬಿ, ಸ್ಟೆಬಿಲೈಜರ್ ಈ ಕ್ರಮದಲ್ಲಿ ನೋಡಿ. ಬೇರೆ ಬಲ್ಬ್ ಅಥವಾ ಫ್ಯಾನನ್ನು ಅದೇ ಸಾಕೆಟ್ಟಿಗೆ ಹಾಕಿ ನೋಡಿದರೆ ಮುಗಿಯಿತು.

ಲೈಟ್ ಇದೆ, ಒಳಗಿನ ಫ್ಯಾನ್ ತಿರುಗುತ್ತಿದೆ, ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಮೋಟರ್) ಸದ್ದಿಲ್ಲ: ಥರ್ಮೋಸ್ಟಾಟ್ ಅಥವಾ ಕಂಟ್ರೋಲರ್ ಕಡೆಗೆ ಹೋಗಿ. ಡಿಫ್ರಾಸ್ಟ್, ಅಂದರೆ ಕಾಯಿಲಿನ ಐಸ್ ಕರಗಿಸಿಕೊಳ್ಳುವ ಸಮಯವೂ ಆಗಿರಬಹುದು, ಅರ್ಧ ಗಂಟೆ ಕಾಯಿರಿ.

"ಗುಂಯ್" ಅಂತ ಕೆಲವು ಸೆಕೆಂಡ್ ಗುನುಗಿ "ಟಕ್" ಅಂತ ನಿಲ್ಲುತ್ತದೆ, ಒಂದೆರಡು ನಿಮಿಷಕ್ಕೆ ಮತ್ತೆ ಅದೇ: ಕಂಪ್ರೆಸರ್ ಎದ್ದೇಳಲು ಹೆಣಗುತ್ತಿದೆ, ಓವರ್‌ಲೋಡ್ ಪ್ರೊಟೆಕ್ಟರ್ ಕರೆಂಟು ಕಡಿಯುತ್ತಿದೆ. ಕೂಡಲೇ ಸ್ವಿಚ್ ತೆಗೆಯಿರಿ. ಇದನ್ನು ದಿನಗಟ್ಟಲೆ ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ.

ನಿಲ್ಲದೆ ಓಡುತ್ತಲೇ ಇದೆ, ತಂಪಿಲ್ಲ: ಅತಿ ಹೆಚ್ಚು ಬರುವ ದೂರು ಇದೇ. ಕಂಡೆನ್ಸರ್, ಐಸ್, ಬಾಗಿಲು, ಕೊನೆಗೆ ಗ್ಯಾಸ್.

ವೋಲ್ಟೇಜು

ಟಕ್ ಟಕ್ ದೂರಿಗೆ ಮೊದಲು ನೋಡಬೇಕಾದ್ದು ವೋಲ್ಟೇಜು. ಮಲ್ಟಿಮೀಟರಿನಲ್ಲಿ ಸಾಕೆಟ್ಟಿನಲ್ಲೇ ಅಳೆಯಿರಿ, ಮತ್ತು ಕಂಪ್ರೆಸರ್ ಎದ್ದೇಳುವ ಕ್ಷಣದಲ್ಲಿ ಅಳೆಯಿರಿ. ಸುಮ್ಮನಿದ್ದಾಗ 220 ತೋರಿಸಿ, ಎದ್ದೇಳುವಾಗ 180ಕ್ಕೆ ಕುಸಿದರೆ ತೊಂದರೆ ಅಂಗಡಿಯ ವೈರಿಂಗಿನಲ್ಲಿ. ಕಂಪ್ರೆಸರ್ ಎದ್ದೇಳುವಾಗ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ತೆಳ್ಳನೆಯ ಎಕ್ಸ್‌ಟೆನ್ಶನ್ ಬಾಕ್ಸಿಗೆ ಕೂಲರ್, ಮಿಕ್ಸಿ, ಬಿಲ್ಲಿಂಗ್ ಮಷಿನ್ ಮೂರನ್ನೂ ಸಿಕ್ಕಿಸಿದ್ದರೆ ಅಲ್ಲೇ ವೋಲ್ಟೇಜು ಸೋರುತ್ತದೆ. ಪ್ಲಗ್ಗಿನ ಪಿನ್ ಕಪ್ಪಾಗಿದ್ದರೆ, ಮುಟ್ಟಿದರೆ ಬಿಸಿಯಿದ್ದರೆ ಅದೇ ಸಾಕ್ಷಿ. ಕೂಲರಿಗೆ ಬೋರ್ಡಿನಿಂದ ನೇರ, 2.5 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ, ಅರ್ಥಿಂಗ್ ಸಮೇತ ಬೇರೆಯದೇ ಪಾಯಿಂಟ್ ಎಳೆಸಿ. ಮುಟ್ಟಿದರೆ ಜುಮ್ ಅನ್ನುವ ಕೂಲರನ್ನು "ಸ್ವಲ್ಪ ಷಾಕ್ ಇದೆ ಅಷ್ಟೇ" ಅಂತ ಬಿಡಬೇಡಿ. ಗಿರಾಕಿ ಒದ್ದೆ ಕೈಯಲ್ಲಿ ಹಿಡಿಯುವ ಬಾಗಿಲು ಅದು. ಪ್ಲಗ್ ಕಿತ್ತು, ಅರ್ಥಿಂಗ್ ಸರಿಮಾಡಿಸಿ, 30 ಮಿಲಿಆಂಪಿಯರ್ ಸೋರಿದರೂ ಕರೆಂಟು ಕಡಿಯುವ ಆರ್‌ಸಿಸಿಬಿ ಹಾಕಿಸಿದ ಮೇಲೇ ಮತ್ತೆ ಓಡಿಸಿ.

ಊರಿನ ಲೈನೇ ಬಡವಾಗಿದ್ದರೆ ಸ್ಟೆಬಿಲೈಜರ್ ಬೇಕು. ಕೊಳ್ಳುವಾಗ ಕೂಲರಿನ ಪ್ಲೇಟಿನಲ್ಲಿರುವ ಆಂಪಿಯರ್ ಹೇಳಿ ಕೊಳ್ಳಿ, ಮತ್ತು ಮೂರು ನಿಮಿಷದ ಟೈಮ್ ಡಿಲೇ ಇದೆಯೇ ಕೇಳಿ. ಕರೆಂಟು ಹೋಗಿ ಮರುಕ್ಷಣ ಬಂದಾಗ ಕೊಳವೆಯೊಳಗಿನ ಒತ್ತಡ ಇನ್ನೂ ಇಳಿದಿರುವುದಿಲ್ಲ, ಕಂಪ್ರೆಸರನ್ನು ಎಬ್ಬಿಸುವ ಪಿಟಿಸಿ ರಿಲೇ ಬಿಸಿಯಾಗಿಯೇ ಇರುತ್ತದೆ. ಆಗ ಕಂಪ್ರೆಸರ್ ಎದ್ದೇಳುವುದಿಲ್ಲ. ಸ್ವಿಚ್ ಆರಿಸಿ ಕೂಡಲೇ ಹಾಕಿ ನೋಡುವವರಿಗೂ ಇದೇ ಆಗುತ್ತದೆ. ಮೂರರಿಂದ ಐದು ನಿಮಿಷ ಬಿಡಲೇಬೇಕು. ಸ್ಕ್ವೇರ್ ವೇವ್ ಇನ್ವರ್ಟರಿಗೆ ಕೂಲರ್ ಸಿಕ್ಕಿಸಬೇಡಿ. ಮೋಟರ್ ಬಿಸಿಯಾಗುತ್ತದೆ, ಗುಂಯ್‌ಗುಡುತ್ತದೆ.

ವೋಲ್ಟೇಜು ಸರಿಯಿದ್ದೂ ಟಕ್ ಟಕ್ ನಿಲ್ಲದಿದ್ದರೆ ರಿಲೇ, ಕೆಪ್ಯಾಸಿಟರ್, ಓವರ್‌ಲೋಡ್ ಸರದಿ. ಇದು ಮೆಕ್ಯಾನಿಕ್ ಕೆಲಸ. ಪ್ಲಗ್ ಕಿತ್ತು, ಕೆಪ್ಯಾಸಿಟರ್ ಡಿಸ್ಚಾರ್ಜ್ ಮಾಡಿ, ರಿಲೇ ತೆಗೆದು ಅಲ್ಲಾಡಿಸಿದಾಗ ಒಳಗೆ ಗಿಲಗಿಲ ಅಂದರೆ ಪಿಟಿಸಿ ಬಿಲ್ಲೆ ಒಡೆದಿದೆ. ಕಂಪ್ರೆಸರಿನ ಮೂರು ಪಿನ್‌ಗಳ ನಡುವೆ ಓಮ್ ಅಳೆದರೆ ಕಾಮನ್-ರನ್ ಅತಿ ಕಡಿಮೆ, ಕಾಮನ್-ಸ್ಟಾರ್ಟ್ ಅದಕ್ಕಿಂತ ಹೆಚ್ಚು, ರನ್-ಸ್ಟಾರ್ಟ್ ಎರಡರ ಮೊತ್ತ ಬರಬೇಕು. ಉದಾಹರಣೆಗೆ 12, 20, 32. ಮೊತ್ತ ಕೂಡದಿದ್ದರೆ, ಅಥವಾ ಯಾವುದೇ ಪಿನ್ನಿನಿಂದ ಬಾಡಿಗೆ ಕಂಟಿನ್ಯುಟಿ ಸಿಕ್ಕಿದರೆ ಕಂಪ್ರೆಸರೇ ಹೋಗಿದೆ. ಇಷ್ಟು ಅಳೆಯದೆ "ಕಂಪ್ರೆಸರ್ ಬದಲಿಸಬೇಕು" ಅಂದವರಿಗೆ ಮೀಟರ್ ಇಟ್ಟು ತೋರಿಸಿ ಅನ್ನಿ. ಇನ್ನೂರು ಮುನ್ನೂರು ರೂಪಾಯಿಯ ರಿಲೇ ಹೋಗಿದ್ದಕ್ಕೆ ಸಾವಿರಗಟ್ಟಲೆ ಬಿಲ್ಲು ಆಗುವುದು ಇಲ್ಲೇ.

ಕಂಡೆನ್ಸರ್

ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುವ ಭಾಗ ಇದು. ಕೆಳಗಿನ ಜಾಲರಿ ಬಿಚ್ಚಿದರೆ ಕಾಣುವ ರೆಕ್ಕೆ ರೆಕ್ಕೆಯ ಕಾಯಿಲ್, ಹಿಂದೊಂದು ಪುಟ್ಟ ಫ್ಯಾನ್. ನೆಲಮಟ್ಟದಲ್ಲಿರುವುದರಿಂದ ಅಂಗಡಿಯ ಕಸವೆಲ್ಲ ಅದರ ಹೊಟ್ಟೆಗೇ. ಕಿರಾಣಿ ಅಂಗಡಿಯಲ್ಲಿ ಹಿಟ್ಟಿನ ಧೂಳು, ರಟ್ಟಿನ ನಾರು. ಬಾರಿನಲ್ಲಿ ಅಡುಗೆಮನೆಯ ಎಣ್ಣೆ ಹೊಗೆ. ರಸ್ತೆ ಬದಿಯಲ್ಲಿ ಮಣ್ಣು. ಎಣ್ಣೆಯ ಮೇಲೆ ಧೂಳು ಕೂತರೆ ಕಂಬಳಿ ಹೊದಿಸಿದಷ್ಟು ದಪ್ಪದ ಪದರ ನಿಲ್ಲುತ್ತದೆ.

ದೋಷ ಇಲ್ಲೇ ಇದೆಯೇ ಅಂತ ಖಚಿತಮಾಡಿಕೊಳ್ಳಲು ಸುಲಭದ ಪರೀಕ್ಷೆ ಒಂದಿದೆ. ಜಾಲರಿ ತೆಗೆದು, ಎದುರಿಗೆ ಟೇಬಲ್ ಫ್ಯಾನ್ ಇಟ್ಟು ಜೋರಾಗಿ ಒಂದು ಗಂಟೆ ಗಾಳಿ ಬಿಡಿ. ಒಳಗಿನ ತಾಪ ಸರಸರನೆ ಇಳಿಯತೊಡಗಿದರೆ ಗ್ಯಾಸ್, ಕಂಪ್ರೆಸರ್ ಎರಡೂ ಸರಿ. ಬಿಸಿ ಹೊರಹೋಗುತ್ತಿರಲಿಲ್ಲ ಅಷ್ಟೇ. ಗ್ಯಾಸ್ ಹಾಕಿಸಲು ಹೊರಟ ಎಷ್ಟೋ ಕೂಲರುಗಳು ಈ ಪರೀಕ್ಷೆಯಲ್ಲೇ ಪಾಸಾಗುತ್ತವೆ.

ತೊಳೆಯುವ ಬಗೆ: ಪ್ಲಗ್ ಕಿತ್ತಿಡಿ. ರೆಕ್ಕೆಗಳು ಯಾವ ದಿಕ್ಕಿನಲ್ಲಿವೆಯೋ ಅದೇ ದಿಕ್ಕಿಗೆ ಒಣ ಪೇಂಟ್ ಬ್ರಷ್ ಎಳೆಯಿರಿ, ಅಡ್ಡ ಎಳೆದರೆ ರೆಕ್ಕೆ ಮಡಚುತ್ತದೆ. ಆಮೇಲೆ ವ್ಯಾಕ್ಯೂಮ್, ಇಲ್ಲವೇ ಒಳಗಿನಿಂದ ಹೊರಕ್ಕೆ ಬ್ಲೋವರ್. ಹೊರಗಿನಿಂದ ಊದಿದರೆ ಧೂಳು ಇನ್ನೂ ಒಳಗೆ ಹೋಗಿ ಕೂರುತ್ತದೆ. ಎಣ್ಣೆ ಜಿಡ್ಡು ಇದ್ದರೆ ಫ್ಯಾನ್ ಮೋಟರಿಗೂ ಕಂಪ್ರೆಸರಿನ ಟರ್ಮಿನಲ್ ಬಾಕ್ಸಿಗೂ ಪ್ಲಾಸ್ಟಿಕ್ ಕಟ್ಟಿ, ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರನ್ನು ಸ್ಪ್ರೇ ಬಾಟಲಿಯಲ್ಲಿ ಹಾಕಿ ಹತ್ತು ನಿಮಿಷ ಬಿಟ್ಟು, ಶುದ್ಧ ನೀರು ಸಿಂಪಡಿಸಿ, ಪೂರ್ತಿ ಒಣಗಿಸಿ. ಬೈಕ್ ತೊಳೆಯುವ ಪ್ರೆಷರ್ ವಾಷರ್ ಬೇಡವೇ ಬೇಡ. ಸಾಧಾರಣ ಅಂಗಡಿಗೆ ತಿಂಗಳಿಗೊಮ್ಮೆ, ಹಿಟ್ಟು, ಎಣ್ಣೆ, ರಸ್ತೆ ಧೂಳು ಇರುವಲ್ಲಿ ಹದಿನೈದು ದಿನಕ್ಕೊಮ್ಮೆ.

ಫ್ಯಾನ್ ತಿರುಗುತ್ತಿದೆ ಅಂದ ಮಾತ್ರಕ್ಕೆ ಸರಿ ಅನ್ನಬೇಡಿ. ಇತ್ತೀಚೆಗೆ ಮೋಟರ್ ಬದಲಿಸಿದ್ದರೆ ಗಾಳಿಯ ದಿಕ್ಕು ನೋಡಿ. ಬ್ಲೇಡುಗಳಲ್ಲಿ ಗಾಳಿ ಎಳೆಯುವದ್ದು, ದೂಡುವದ್ದು ಅಂತ ಎರಡು ಬಗೆ. ಸಾಮಾನ್ಯವಾಗಿ ಗಾಳಿ ಕಂಡೆನ್ಸರಿನ ಮೂಲಕ ಒಳಬಂದು ಕಂಪ್ರೆಸರಿನ ಮೇಲೆ ಹಾದು ಹಿಂದೆ ಹೋಗಬೇಕು. ತಪ್ಪು ಬ್ಲೇಡ್ ಹಾಕಿದರೆ ಸದ್ದು ಸರಿಯಾಗಿಯೇ ಇರುತ್ತದೆ, ಕೆಲಸ ಉಲ್ಟಾ. ತೆಳು ಕಾಗದದ ಚೂರು ಜಾಲರಿಗೆ ಹಿಡಿದರೆ ಅಂಟಿಕೊಳ್ಳಬೇಕು.

ಜಾಗವೂ ಇದೇ ಲೆಕ್ಕಕ್ಕೆ ಸೇರಿದ್ದು. ಹಿಂದೆ 10-15 ಸೆಂಟಿಮೀಟರ್ ಬಿಡದೆ ಗೋಡೆಗೆ ಒತ್ತಿಟ್ಟದ್ದು, ಚೆಂದಕ್ಕೆ ಮರದ ಗೂಡು ಮಾಡಿ ಒಳಗೆ ಕೂರಿಸಿದ್ದು, ಎರಡು ಕೂಲರ್ ಪಕ್ಕಪಕ್ಕ ಇಟ್ಟು ಒಂದರ ಬಿಸಿಗಾಳಿ ಇನ್ನೊಂದರ ಬಾಯಿಗೆ ಹೋಗುವುದು, ಪಶ್ಚಿಮಕ್ಕೆ ಮುಖವಿರುವ ಅಂಗಡಿಯಲ್ಲಿ ಮಧ್ಯಾಹ್ನದ ಬಿಸಿಲು ನೇರ ಗಾಜಿಗೆ ಬೀಳುವುದು, ದೋಸೆ ಹಂಚಿನ ಪಕ್ಕದ ಕೂಲರ್. ಇಲ್ಲೆಲ್ಲ ರಿಪೇರಿ ಅಂದರೆ ಜಾಗ ಬದಲಿಸುವುದೇ.

ಬಾಗಿಲು ಮತ್ತು ಐಸ್

ಬಾಗಿಲ ರಬ್ಬರಿಗೆ ನೋಟಿನ ಪರೀಕ್ಷೆ ಸಾಕು. ನೋಟನ್ನು ಅಂಚಿನಲ್ಲಿಟ್ಟು ಬಾಗಿಲು ಹಾಕಿ ಎಳೆಯಿರಿ, ಬಿಗಿಯಾಗಿ ಜಾರಬೇಕು. ಸುತ್ತಲೂ ಎಂಟು ಹತ್ತು ಕಡೆ ನೋಡಿ, ಹಿಂಜಿನ ಬದಿ ಮರೆಯಬೇಡಿ. ಸಡಿಲವಿದ್ದರೆ ಸಕ್ಕರೆ ಅಂಟನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ. ಚಪ್ಪಟೆಯಾದ ರಬ್ಬರನ್ನು ಹೇರ್ ಡ್ರೈಯರಿನ ಬಿಸಿಗಾಳಿ ಕೊಟ್ಟು ಎಳೆದು ಕೂರಿಸಬಹುದು. ಹರಿದಿದ್ದರೆ ಹೊಸದೇ. ಬಾಗಿಲು ತಾನಾಗಿ ಮುಚ್ಚದಿದ್ದರೆ ಮುಂದಿನ ಕಾಲುಗಳ ಸ್ಕ್ರೂ ತಿರುಗಿಸಿ ಮುಂಭಾಗವನ್ನು ಕೂದಲೆಳೆ ಎತ್ತರ ಮಾಡಿ.

ಒಳಗಿನ, ತಂಪು ಮಾಡುವ ಕಾಯಿಲಿನ ಮೇಲೆ ಐಸ್ ಕಟ್ಟಿದ್ದರೆ ಅದನ್ನು ಕರಗಿಸುವ ಮೊದಲು ಕಣ್ಣಿಟ್ಟು ನೋಡಿ, ಬೇಕಾದರೆ ಫೋಟೋ ತೆಗೆದಿಡಿ. ಐಸ್ ಕೂತ ರೀತಿಯೇ ಕಾರಣ ಹೇಳುತ್ತದೆ. ಇಡೀ ಕಾಯಿಲಿಗೆ ಸಮನಾಗಿ ದಪ್ಪ ಐಸ್ ಹಿಡಿದಿದ್ದರೆ ಹೊರಗಿನ ಒದ್ದೆ ಗಾಳಿ ಒಳನುಗ್ಗುತ್ತಿದೆ, ಇಲ್ಲವೇ ಒಳಗಿನ ಫ್ಯಾನ್ ನಿಂತಿದೆ, ಇಲ್ಲವೇ ಡಿಫ್ರಾಸ್ಟ್ ಆಗುತ್ತಿಲ್ಲ. ಗ್ಯಾಸ್ ಬರುವ ಬದಿಯ ಒಂದೆರಡು ಸುತ್ತಿಗೆ ಮಾತ್ರ ಐಸ್ ಹಿಡಿದು ಉಳಿದ ಕಾಯಿಲ್ ಒಣಗಿದ್ದರೆ, ಬೆಚ್ಚಗಿದ್ದರೆ ಗ್ಯಾಸ್ ಕಡಿಮೆ ಅಥವಾ ಕ್ಯಾಪಿಲರಿ (ಕಾಯಿಲಿಗೆ ಗ್ಯಾಸ್ ಬಿಡುವ ತೀರಾ ಸಣ್ಣ ಕೊಳವೆ) ಅರ್ಧ ಕಟ್ಟಿದೆ. ಗ್ಯಾಸ್ ಅನ್ನುವ ಮಾತಿಗೆ ಮೊದಲ ನಿಜವಾದ ಆಧಾರ ಇದು.

ಕರಗಿಸಲು ಎಲ್ಲ ಖಾಲಿ ಮಾಡಿ, ಪ್ಲಗ್ ಕಿತ್ತು, ಬಾಗಿಲು ತೆರೆದು ರಾತ್ರಿಯಿಡೀ ಬಿಡಿ. ಅವಸರವಿದ್ದರೆ ಮುಂದೆ ಫ್ಯಾನ್ ಇಡಿ. ಚಾಕು, ಸ್ಕ್ರೂಡ್ರೈವರಿನಲ್ಲಿ ಕೆದಕಿ ಕಾಯಿಲ್ ತೂತು ಮಾಡಿದರೆ ಬರೀ ಐಸಿನ ಸಮಸ್ಯೆ ನಿಜವಾಗಿಯೂ ಗ್ಯಾಸಿನ ಸಮಸ್ಯೆ ಆಗುತ್ತದೆ.

ಐಸ್ ಕರಗಿದ ನೀರು ಸಣ್ಣ ಪೈಪಿನಲ್ಲಿ ಇಳಿದು ಕಂಪ್ರೆಸರಿನ ಬಳಿಯ ಟ್ರೇಗೆ ಬಂದು ಅದರ ಬಿಸಿಗೆ ಆವಿಯಾಗಬೇಕು. ನೀರು ಒಳಗೇ ನಿಂತಿದ್ದರೆ ಆ ಪೈಪಿಗೆ ಬಾಟಲಿ ಲೇಬಲಿನ ಚೂರು, ಲೋಳೆ ಕಟ್ಟಿದೆ. ದೊಡ್ಡ ಸಿರಿಂಜಿನಲ್ಲಿ ಬೆಚ್ಚನೆ ನೀರು ಒತ್ತಿ. ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡೆ ಟ್ರೇ ತುಂಬಿ ಹೊರಚೆಲ್ಲುವುದೂ ಗಾಜಿನ ಹೊರಮೈ ಬೆವರುವುದೂ ದೋಷವಲ್ಲ, ಗಾಳಿಯಲ್ಲಿ ಅಷ್ಟು ತೇವ ಇದೆ. ಎರಡು ಗಾಜುಗಳ ನಡುವೆ ಮಂಜು ಕಂಡರೆ ಮಾತ್ರ ಗಾಜಿನ ಸೀಲ್ ಹೋಗಿದೆ; ಒರೆಸಲು ಬಾರದು, ಗಾಜಿನ ಜೋಡಿಯನ್ನೇ ಬದಲಿಸಬೇಕು.

ಥರ್ಮೋಸ್ಟಾಟ್, ಸೆನ್ಸರ್

ಸ್ಟೀಲ್ ಲೋಟದಲ್ಲಿ ಪುಡಿ ಐಸ್ ಮತ್ತು ಸ್ವಲ್ಪ ನೀರು ಹಾಕಿ ಕಲಕಿ, ಸೆನ್ಸರ್ ತುದಿಯನ್ನು ಐದು ನಿಮಿಷ ಮುಳುಗಿಸಿ. ಡಿಸ್‌ಪ್ಲೇ 0 ತೋರಿಸಬೇಕು, ಒಂದು ಡಿಗ್ರಿ ಆಚೀಚೆ ಆದರೆ ಪರವಾಗಿಲ್ಲ. 6 ತೋರಿಸಿದರೆ ಕೂಲರ್ ಅಗತ್ಯಕ್ಕಿಂತ ಹೆಚ್ಚು ತಂಪು ಮಾಡುತ್ತದೆ, -6 ತೋರಿಸಿದರೆ ಬೇಗ ನಿಲ್ಲಿಸಿಬಿಡುತ್ತದೆ. ಸೆನ್ಸರ್ ಬದಲಿಸುವಾಗ ಕಂಟ್ರೋಲರಿಗೆ ಹೊಂದುವ ಬಗೆಯದೇ ತರಬೇಕು. ಬಿಸಿಯೇರಿದಾಗ ಓಮ್ ಇಳಿಯುವುದು ಎನ್‌ಟಿಸಿ, ಏರುವುದು ಪಿಟಿಸಿ. ಎನ್‌ಟಿಸಿ ಜಾಗಕ್ಕೆ ಪಿಟಿಸಿ ಸೆನ್ಸರ್ ಹಾಕಿದರೆ ಅಂಕಿಯೇ ಹುಚ್ಚಾಪಟ್ಟೆ. ತಂಪುಪಾನೀಯಕ್ಕೆ ಸೆಟ್ಟಿಂಗ್ 2-3 ಡಿಗ್ರಿ, ವ್ಯತ್ಯಾಸ (ನಿಂತ ಮೇಲೆ ಎಷ್ಟು ಡಿಗ್ರಿ ಏರಿದಾಗ ಮತ್ತೆ ಶುರುವಾಗಬೇಕು ಅನ್ನುವುದು) 3-4 ಡಿಗ್ರಿ ಸಾಕು.

ಬೆಳಿಗ್ಗೆ ಮಾತ್ರ ಬಾಟಲಿ ಬೆಚ್ಚಗಿದ್ದು ಹತ್ತು ಗಂಟೆಯ ಹೊತ್ತಿಗೆ ಸರಿಹೋಗುತ್ತದೆಯೇ? ಕೆಲವು ಕಂಟ್ರೋಲರುಗಳಲ್ಲಿ ಕರೆಂಟು ಉಳಿಸುವ ರಾತ್ರಿ ಮೋಡ್ ಇರುತ್ತದೆ. ಕೆಲವು ಗಂಟೆ ಬಾಗಿಲು ತೆರೆಯದಿದ್ದರೆ ಲೈಟ್ ಆರಿಸಿ, ಒಳಗಿನ ತಾಪ ಏರಲು ಬಿಡುತ್ತವೆ. ಬೆಳಿಗ್ಗೆ ಆರಕ್ಕೇ ಬಾಗಿಲು ತೆಗೆಯುವ ಅಂಗಡಿಗೆ ಆ ಸಮಯ ಬದಲಿಸಿಕೊಳ್ಳಬೇಕು. ರಾತ್ರಿ ಮನೆಗೆ ಹೋಗುವಾಗ ಮೇನ್ ಆರಿಸುವ ಅಭ್ಯಾಸ ಇರುವವರ ಕೂಲರಿಗೂ ಇದೇ ಲಕ್ಷಣ, ಕಾರಣ ಹೇಳಬೇಕಿಲ್ಲ.

ಉಲ್ಟಾ ದೂರು, ಬಾಟಲಿ ಹೆಪ್ಪುಗಟ್ಟುವುದು, ಒಡೆಯುವುದು: ನೀರು 0 ಡಿಗ್ರಿಗೆ, ಬಿಯರ್ ಅದಕ್ಕಿಂತ ಎರಡು ಮೂರು ಡಿಗ್ರಿ ಕೆಳಗೆ ಗಟ್ಟಿಯಾಗುತ್ತದೆ. ಗಾಳಿ ಹೊರಬರುವ ಕಿಂಡಿಗೆ ಅಂಟಿಕೊಂಡ ಬಾಟಲಿಗಳಷ್ಟೇ ಹೆಪ್ಪುಗಟ್ಟಿದರೆ ಜೋಡಿಸಿದ್ದು ತಪ್ಪು. ಎಲ್ಲವೂ ಹಾಗಾದರೆ ಥರ್ಮೋಸ್ಟಾಟಿನ ಕಾಂಟ್ಯಾಕ್ಟ್ ಅಂಟಿಕೊಂಡು ಕಂಪ್ರೆಸರ್ ನಿಲ್ಲುತ್ತಿಲ್ಲ. ಗಾಜಿನ ಬಾಟಲಿ ಇದ್ದರೆ ಕೈಗೆ ಬಟ್ಟೆ ಸುತ್ತಿಕೊಂಡು ಹೊರತೆಗೆಯಿರಿ.

ಈಗ ಗ್ಯಾಸ್

ಕಂಡೆನ್ಸರ್ ಸ್ವಚ್ಛ, ಎರಡೂ ಫ್ಯಾನ್ ಸರಿ, ಬಾಗಿಲು ಬಿಗಿ, ವೋಲ್ಟೇಜು ಸರಿ, ಕಂಪ್ರೆಸರ್ ನಿಲ್ಲದೆ ಓಡುತ್ತಿದೆ, ಕಂಡೆನ್ಸರ್ ಬರೀ ಉಗುರುಬೆಚ್ಚಗಿದೆ, ಒಳಗಿನ ಕಾಯಿಲಿನ ಮೂಲೆಯಲ್ಲಷ್ಟೇ ಐಸ್. ಇಷ್ಟೂ ಕೂಡಿದರೆ ಗ್ಯಾಸ್ ಕಡಿಮೆ ಅನ್ನಬಹುದು. ಕಂಡೆನ್ಸರ್ ಕಾದು ಸುಡುತ್ತಿದ್ದರೆ ಗ್ಯಾಸ್ ಕಡಿಮೆ ಆಗಿರಲಾರದು. ಮೇಲೆ ಹೇಳಿದ ಕಂಡೆನ್ಸರಿನ ಪರೀಕ್ಷೆಗೆ ಮರಳಿ ಹೋಗಿ. ಇನ್ನೊಂದು ಲಕ್ಷಣ: ಕೆಲವು ಗಂಟೆ ಚೆನ್ನಾಗಿ ತಂಪು ಮಾಡಿ ನಿಲ್ಲುವುದು, ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದರೆ ಚೆನ್ನಾಗಿ ಶುರುವಾಗುವುದು. ಲೈನಿನೊಳಗೆ ತೇವ ಸೇರಿ ಕ್ಯಾಪಿಲರಿಯ ತುದಿಯಲ್ಲಿ ಐಸಾಗುತ್ತಿದೆ. ಹಿಂದೆ ಯಾರೋ ವ್ಯಾಕ್ಯೂಮ್ ಸರಿಯಾಗಿ ಮಾಡದೆ ಗ್ಯಾಸ್ ಹಾಕಿದ ಫಲ.

ಕಂಪ್ರೆಸರಿನ ಬಳಿಯ ಪ್ಲೇಟಿನಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಎರಡೂ ಬರೆದಿರುತ್ತದೆ. ಹಳೆಯದರಲ್ಲಿ ಹೆಚ್ಚಾಗಿ ಆರ್-134ಎ, ಹೊಸದರಲ್ಲಿ ಆರ್-290, ಅಂದರೆ ಪ್ರೊಪೇನ್. ಹಳದಿ ತ್ರಿಕೋನದಲ್ಲಿ ಬೆಂಕಿಯ ಗುರುತು ಇರುತ್ತದೆ. ಕಾಯಿಲ್ -10 ಡಿಗ್ರಿಯಲ್ಲಿ ಓಡುವಾಗ ಗೇಜಿನಲ್ಲಿ ಸಕ್ಷನ್ ಒತ್ತಡ (ಕಂಪ್ರೆಸರಿಗೆ ಗ್ಯಾಸ್ ಮರಳುವ ಬದಿಯದ್ದು) ಆರ್-134ಎಗೆ ಸುಮಾರು 15 ಪಿಎಸ್‌ಐ, ಆರ್-290ಕ್ಕೆ ಸುಮಾರು 35. ಒಂದರ ಅಂದಾಜಿನಲ್ಲಿ ಇನ್ನೊಂದನ್ನು ತುಂಬಿದರೆ ಕೆಡುತ್ತದೆ. ಒಂದರ ಬದಲು ಇನ್ನೊಂದನ್ನು ಹಾಕುವುದಂತೂ ಕೂಡದು. ಕಂಪ್ರೆಸರ್, ಕ್ಯಾಪಿಲರಿ ಅಳತೆ ಎಲ್ಲ ಬೇರೆ. ಪ್ರೊಪೇನ್ ಜಾಗಕ್ಕೆ ಅಡುಗೆ ಗ್ಯಾಸ್ ತುಂಬುವವರೂ ಇದ್ದಾರೆ. ಅದರಲ್ಲಿ ಬ್ಯೂಟೇನ್ ಬೆರೆತಿರುತ್ತದೆ, ವಾಸನೆಗೆ ಹಾಕಿದ ಗಂಧಕದ ಅಂಶ ಇರುತ್ತದೆ, ತೇವವೂ ಇರಬಹುದು. ಬಿಡಬೇಡಿ.

ಸರಿಯಾದ ಕೆಲಸದ ಕ್ರಮ ಹೀಗೆ: ಜಾಯಿಂಟುಗಳ ಬಳಿ ಎಣ್ಣೆ ಕಲೆ ಹುಡುಕುವುದು, ನೈಟ್ರೋಜನ್ ಒತ್ತಡ ಕೊಟ್ಟು ಸೋಪು ನೀರಿನಲ್ಲಿ ಲೀಕ್ ಪತ್ತೆ, ದುರಸ್ತಿ, ತೇವ ಹೀರುವ ಫಿಲ್ಟರ್ ಡ್ರೈಯರ್ ಹೊಸದು, ವ್ಯಾಕ್ಯೂಮ್ ಪಂಪಿನಲ್ಲಿ ಒಳಗಿನ ಗಾಳಿ, ತೇವವನ್ನು ವ್ಯಾಕ್ಯೂಮ್ ಗೇಜಿನ 500 ಮೈಕ್ರಾನ್‌ಗಿಂತ ಕೆಳಗೆ ಎಳೆದು, ಪಂಪ್ ಮುಚ್ಚಿದ ಮೇಲೂ ನಿಲ್ಲುತ್ತದೆಯೇ ನೋಡುವುದು, ತಕ್ಕಡಿಯಲ್ಲಿಟ್ಟು ಪ್ಲೇಟಿನಲ್ಲಿ ಬರೆದಷ್ಟೇ ಗ್ರಾಂ ತುಂಬುವುದು. ಆರ್-290 ಕೂಲರಿನಲ್ಲಿ ಗ್ಯಾಸಿನ ಪ್ರಮಾಣವೇ ಸಣ್ಣದು, ಎಷ್ಟೋ ಮಾದರಿಗಳಲ್ಲಿ ನೂರು ಗ್ರಾಂಗೂ ಕಡಿಮೆ. ಹತ್ತು ಗ್ರಾಂ ಹೆಚ್ಚುಕಮ್ಮಿಯಾದರೂ ತಂಪಿನಲ್ಲಿ ಗೊತ್ತಾಗುತ್ತದೆ. ಆದ್ದರಿಂದ "ಕೈಯಂದಾಜು" ನಡೆಯುವುದಿಲ್ಲ. ಪ್ರೊಪೇನ್ ಇರುವ ಕೂಲರನ್ನು ಅಂಗಡಿಯೊಳಗೆ, ದೀಪ ಅಗರಬತ್ತಿ ಉರಿಯುತ್ತಿರುವಾಗ ಬಿಚ್ಚಬಾರದು. ಹೊರಗೆ ಗಾಳಿಯಾಡುವಲ್ಲಿ, ಗ್ಯಾಸ್ ಪೂರ್ತಿ ತೆಗೆದು ನೈಟ್ರೋಜನ್ ಹಾಯಿಸಿದ ಮೇಲೇ ಬೆಸುಗೆಯ ಬೆಂಕಿ ಹಚ್ಚಬೇಕು. ರಿಲೇ ಬದಲಿಸಿದರೂ ಕಿಡಿ ಹೊರಬಾರದ ಅದೇ ಬಗೆಯದ್ದು ಹಾಕಬೇಕು.

ಕೆಲಸ ಮುಗಿದ ಮೇಲೆ ಎರಡೇ ಪ್ರಶ್ನೆ ಕೇಳಿ: "ಅಣ್ಣಾ, ಲೀಕ್ ಎಲ್ಲಿತ್ತು? ಎಷ್ಟು ಗ್ರಾಂ ಹಾಕಿದ್ರಿ?" ಎರಡಕ್ಕೂ ಉತ್ತರ ಬಂದರೆ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.

ರಿಪೇರಿಗಿಂತ ಬೇರೆ ಕೂಲರ್ ಬೇಕಾದಾಗ

ಯಂತ್ರ ಸರಿಯಿದ್ದೂ ಕೆಲಸಕ್ಕೆ ಸಾಲುತ್ತಿಲ್ಲ ಅಂತ ಮೇಲಿನ ಲೆಕ್ಕ ಹೇಳಿದರೆ, ಕಂಪ್ರೆಸರ್ ಬದಲಿಸಿ ಅದಕ್ಕೇ ದುಡ್ಡು ಸುರಿಯಬೇಡಿ.

300 ಲೀಟರ್ ಅಂತ ಬರೆದ ಕೂಲರಿನಲ್ಲಿ ಸಾಮಾನ್ಯವಾಗಿ ಅದರ ಮೂರನೇ ಒಂದರಿಂದ ಅರ್ಧದಷ್ಟು ಪಾನೀಯ ಹಿಡಿಯುತ್ತದೆ, ಉಳಿದದ್ದು ಶೆಲ್ಫು ಮತ್ತು ಗಾಳಿಯ ಜಾಗ. ಬೇಸಿಗೆಯ ಒಂದು ದಿನದ ಮಾರಾಟವನ್ನು ಲೀಟರಿಗೆ ಪರಿವರ್ತಿಸಿ, ಕನಿಷ್ಠ ಅದರ ಮೂರು ಪಟ್ಟು ನೋಡಿ. ಆಗ ರಾತ್ರಿ ಒಮ್ಮೆ ತುಂಬಿದರೆ ಮರುದಿನ ಬೆಚ್ಚನೆಯದನ್ನು ನಡುವೆ ತುರುಕಬೇಕಾಗುವುದಿಲ್ಲ.

ರಾಯಚೂರು, ಕಲಬುರಗಿ ಕಡೆ ಏಪ್ರಿಲ್, ಮೇನಲ್ಲಿ ಹೊರಗೇ 42-43 ಡಿಗ್ರಿ ಮುಟ್ಟುತ್ತದೆ, ಶೀಟ್ ಹಾಕಿದ ಅಂಗಡಿಯೊಳಗೆ ಇನ್ನೂ ಹೆಚ್ಚು. ಅಲ್ಲಿಗೆ ಎಷ್ಟು ಡಿಗ್ರಿ ಹೊರತಾಪದವರೆಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಪ್ಲೇಟಿನಲ್ಲಿ ನೋಡಿ: 43 ಇರಬೇಕು, 32ರದ್ದು ಅಲ್ಲಿ ಏಪ್ರಿಲಿನಲ್ಲೇ ಸೋಲುತ್ತದೆ. ಕರಾವಳಿಗೆ ಬಾಗಿಲ ಗಾಜಿಗೆ ಹೀಟರ್ ಇರುವದ್ದು ಉತ್ತಮ, ಕರೆಂಟು ಸ್ವಲ್ಪ ಹೆಚ್ಚು ತಿನ್ನುತ್ತದೆ.

ಬಾರಿಗೆ ನನ್ನ ಮಟ್ಟಿಗೆ ಮೇಲ್ಮುಚ್ಚಳದ ಚೆಸ್ಟ್ ಕೂಲರೇ ದುಡಿಯುವ ಯಂತ್ರ. ತಣ್ಣನೆಯ ಗಾಳಿ ಭಾರ, ಮುಚ್ಚಳ ತೆಗೆದರೂ ಒಳಗೇ ಉಳಿಯುತ್ತದೆ. ನಿಲುವು ಕೂಲರಿನಲ್ಲಿ ಬಾಗಿಲು ತೆಗೆದಾಗೆಲ್ಲ ಕಾಲಬುಡಕ್ಕೆ ಸುರಿದುಹೋಗುತ್ತದೆ. ಗಾಜಿನ ಬಾಗಿಲಿನದ್ದು ಗಿರಾಕಿಯ ಕಣ್ಣಿಗೆ, ಚೆಸ್ಟ್ ಸ್ಟಾಕಿಗೆ ಅಂತ ಎರಡು ಇಟ್ಟರೆ ಶನಿವಾರ ಸಂಜೆಯ ಜಗಳ ತಪ್ಪುತ್ತದೆ. ಕೌಂಟರಿನ ಕೆಳಗೆ ಕೂರಿಸುವುದಾದರೆ ಮುಂಭಾಗದಿಂದಲೇ ಗಾಳಿ ಎಳೆದು ಮುಂಭಾಗಕ್ಕೇ ಬಿಡುವ ಮಾದರಿ ಬೇಕು.

ಅದೇ ಕೂಲರಿನಲ್ಲಿ ನಂದಿನಿ ಹಾಲು, ಮೊಸರಿನ ಪ್ಯಾಕೆಟ್ಟೂ ಇಡುವ ಯೋಚನೆ ಇದ್ದರೆ ಕೂಲರ್ ಮಾರುವವರಿಗೆ ಮೊದಲೇ ಹೇಳಿ ಕೊಳ್ಳಿ. ಬಾಟಲಿ ಪಾನೀಯದ ಕೂಲರ್ 8-9 ಡಿಗ್ರಿಗೆ ಏರಿ ಮತ್ತೆ ಇಳಿದರೂ ಸೋಡಾಕ್ಕೆ ಏನೂ ಆಗದು, ಹಾಲು ಕೆಡುತ್ತದೆ. ಹಾಲಿಗೆ 5 ಡಿಗ್ರಿ ಮೀರದಂತೆ ಹಿಡಿಯುವ ಯಂತ್ರ ಬೇಕು, ರಾತ್ರಿ ಮೋಡ್ ಇರಕೂಡದು.

ಹೊಸದು ಬಂದ ದಿನ ಟೆಂಪೋದಲ್ಲಿ ಮಲಗಿಸಿ ತಂದಿದ್ದರೆ ನೆಟ್ಟಗೆ ನಿಲ್ಲಿಸಿ ಒಂದು ದಿನ ಬಿಡಿ, ಕಂಪ್ರೆಸರಿನ ಎಣ್ಣೆ ಕೆಳಗಿಳಿಯಲಿ. ನಿಲ್ಲಿಸಿಯೇ ತಂದಿದ್ದರೆ ಮೂರು ನಾಲ್ಕು ಗಂಟೆ ಸಾಕು. ಖಾಲಿಯಾಗಿ ಓಡಿಸಿ, ಕಂಪ್ರೆಸರ್ ತಾನಾಗಿ ಒಮ್ಮೆ ನಿಲ್ಲುವವರೆಗೂ ಕಾದು, ಆಮೇಲೆ ಮೂರನೇ ಒಂದು ಭಾಗ ತುಂಬಿ. ಅದು ತಣ್ಣಗಾದ ಮೇಲೆ ಉಳಿದದ್ದು. ಖಾಲಿಯಲ್ಲೇ ನಿಲ್ಲದಿದ್ದರೆ ಬಾಟಲಿ ತುಂಬಬೇಡಿ, ತಂದುಕೊಟ್ಟವರಿಗೆ ಅಂದೇ ಫೋನ್ ಮಾಡಿ.